ಒಟ್ಟಿಗೆ ಕೂತ ಫೋಟೋ

2025ರ ಆಗಸ್ಟ್ 11, ಸೋಮವಾರ. ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಬೆಟಗೇರಿ ಠಾಣೆಗೆ ಬಂದ ಫಿರ್ಯಾದಿದಾರನ ಹೆಸರು ತಾರೀಖ. ವಯಸ್ಸು ಮೂವತ್ತೈದು, ಲಕ್ಷ್ಮೇಶ್ವರದಲ್ಲಿ ಮೋಟರ್ ವೈಂಡಿಂಗ್ ಕೆಲಸ. ಬೆರಳ ತುದಿಗಳಿಗೆ ವಾರ್ನಿಶ್ ಹಿಡಿದಿತ್ತು. ಕೈಯಲ್ಲಿದ್ದ ಫೈಲಿನೊಳಗೆ ಕೆನಡಾದಿಂದ ಬಂದ ಹನ್ನೊಂದು ಪುಟದ ಪತ್ರ.

ಇನ್ಸ್‌ಪೆಕ್ಟರ್ ಕಲ್ಪನಾ ಪುಟ ತಿರುವಿದರು. ತಾರೀಖನ ಹೆಂಡತಿ ಅಲ್ಫಿಯಾ ಅಲ್ಲಿ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುತ್ತಾಳೆ. ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಮದುವೆ ನಿಜವೆಂಬುದಕ್ಕೆ ಅಲ್ಲಿನ ವಲಸೆ ಕಚೇರಿಯವರು ಹೆಚ್ಚಿನ ಪುರಾವೆ ಕೇಳಿದ್ದರು. ಪುರಾವೆ ಹೋಯಿತು. ಈಗ ಜುಲೈ 29ರ ದಿನಾಂಕ ಹಾಕಿ ಅರ್ಜಿ ತಿರಸ್ಕರಿಸಿದ್ದಾರೆ. ಸುಳ್ಳು ದಾಖಲೆ ಕೊಟ್ಟಿದ್ದಕ್ಕೆ ಐದು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ಮೇಲ್ಮನವಿಗೆ ಮೂವತ್ತು ದಿನ. ಆಗಸ್ಟ್ 28 ಕೊನೆ.

“ಯಾರ ಮ್ಯಾಲ ಫಿರ್ಯಾದಿ?”

“ಗೊತ್ತಿಲ್ರಿ ಮೇಡಂ. ನನ್ನ ಅರ್ಜಿಯೊಳಗ ಯಾರೋ ಖೊಟ್ಟಿ ಫೋಟೋ ಹಾಕ್ಯಾರ.”

“ಖೊಟ್ಟಿ ಅಂತ ಹೆಂಗ ಹೇಳ್ತೀರಿ?”

“ಲಗ್ನದಾಗ ನಾವಿಬ್ರು ಬಾಜೂ-ಬಾಜೂ ಕುಂತಿದ್ದಂತ್ರಿ. ನಾವು ಕುಂತೇ ಇಲ್ಲ.”

2024ರ ಜನವರಿಯಲ್ಲಿ, ಮುಂಡರಗಿಯಲ್ಲಿ ನಿಕಾ. ಗಂಡಸರು ಹೊರಗೆ ಪೆಂಡಾಲಿನಲ್ಲಿ, ಹೆಂಗಸರು ಮನೆಯೊಳಗೆ. ಹಿರಿಯನೊಬ್ಬ ಇಬ್ಬರು ಸಾಕ್ಷಿಗಳೊಂದಿಗೆ ಒಳಗೆ ಹೋಗಿ ಹುಡುಗಿಯ ಒಪ್ಪಿಗೆ ಕೇಳಿ, ಹೊರಬಂದು ಹೇಳಿದ. ತಾರೀಖ ಹೆಂಡತಿಯ ಮುಖ ನೋಡಿದ್ದು ಸಂಜೆ. ಆ ದಿನ ಒಂದೂ ಫೋಟೋ ತೆಗೆದಿರಲಿಲ್ಲ.

“ಏಪ್ರಿಲ್‌ದಾಗ ಫೋನ್ ಮಾಡಿ ಮುಲಾಕತ್ ತಗೊಂಡ್ರು. ಲಗ್ನದ ಹೊತ್ತಿನ್ಯಾಗ ಹೆಂಡತಿ ಎಲ್ಲಿ ಕುಂತಿದ್ಲು ಅಂದ್ರು. ಒಳಗ ಅಂದೆ. ಅವರ ಮುಂದಿದ್ದ ಫೋಟೋದಾಗ ಅಕಿ ನನ್ನ ಬಾಜೂಕ ಕುಂತಿದ್ಲಂತ. ಖರೇ ಹೇಳಿ ಸಿಕ್ಕೊಂಡ್ನಿ.”

ಹೆಡ್ ಕಾನ್ಸ್‌ಟೇಬಲ್ ಪರಶುರಾಮ ಬರೆಯುವುದನ್ನು ನಿಲ್ಲಿಸಿದ. “ಇಪ್ಪತ್ತಾರು ವರ್ಷದ ನೌಕರಿಯೊಳಗ ಸುಳ್ಳು ಹೇಳಿ ಸಿಕ್ಕೊಂಡವರನ್ನ ಕಂಡೀನಿ. ಖರೇ ಹೇಳಿ ಸಿಕ್ಕೊಂಡಾಂವ ನೀ ಮೊದಲನೇದಾಂವ ನೋಡಪಾ.”

“ನಗಬ್ಯಾಡ್ರಿ ಸಾಹೇಬ್ರ. ಐದು ವರ್ಷ ಅಂದ್ರ ನನಗ ನಲವತ್ತು.”

12 ಗಂಟೆಗೆ FIR ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 318(4), 336(3), 340(2): ವಂಚನೆ, ನಕಲಿ ದಾಖಲೆ ಸೃಷ್ಟಿ, ಅದರ ಬಳಕೆ. ಆರೋಪಿ: ಅಪರಿಚಿತ.

ಮರುದಿನ ಬೆಳಿಗ್ಗೆ 11.15ಕ್ಕೆ, ತಾರೀಖನ ಅರ್ಜಿ ತುಂಬಿದ್ದ ಏಜೆಂಟ್ ಸುನಿಲಕುಮಾರನ ಅಂಗಡಿ. ಬೆಟಗೇರಿಯ ನೇಕಾರ ಓಣಿಯ ಬಾಯಲ್ಲಿ ಜೆರಾಕ್ಸ್, ಪಾನ್ ಕಾರ್ಡ್, ಪಾಸ್‌ಪೋರ್ಟ್, ವೀಸಾ ಎಲ್ಲ ಒಂದೇ ಬೋರ್ಡಿನಲ್ಲಿ. ಪಂಚರ ಪೈಕಿ ಒಬ್ಬ, ಪಕ್ಕದ ಮನೆಯ ಕಲ್ಲಣ್ಣ, ಮಗ್ಗದ ಕುಣಿಯಿಂದ ಎದ್ದು ಧೋತರ ಝಾಡಿಸುತ್ತ ಬಂದ.

“ಮತ್ತ ನಾನ ಏನ್ರಿ? ಈ ಓಣ್ಯಾಗ ಬ್ಯಾರೆ ಯಾರಿಗೂ ಸಹಿ ಮಾಡಾಕ ಬರೂದಿಲ್ಲೇನು?”

“ಬರತೈತಿ. ಬರೂದಿಲ್ಲ ಅಂತ ಅವರು ಜಲ್ದಿ ಹೇಳತಾರ,” ಎಂದ ಪರಶುರಾಮ.

ಕಂಪ್ಯೂಟರಿನಿಂದ ನಾಲ್ಕು ಫೋಟೋ ಹೊರಬಂದವು. ಕೆಂಪು ಉಡುಪಿನ ಹೆಣ್ಣು, ಪಕ್ಕದಲ್ಲಿ ತಲೆಗೆ ಹೂವಿನ ಸೆಹರಾ ಕಟ್ಟಿದ ಗಂಡು.

“ಇವು ಎಲ್ಲಿಂದ ಬಂದ್ವು?” ಕಲ್ಪನಾ ಕೇಳಿದರು.

“ಶಿರಹಟ್ಟಿ ಬಸ್ಸಿನ್ಯಾಗರಿ. ಕಂಡಕ್ಟರ್ ಕೈಯಾಗ ಕವರ್ ಕಳಿಸಿದ್ರು. ನನ್ನ ಹೆಸರು, ಫೋನ್ ನಂಬರ್ ಇತ್ತು.”

“ಯಾರು ಕಳಿಸಿದ್ರು?”

“ಕೇಳಲಿಲ್ಲರಿ. ಫೋಟೋ ಬೇಕಾಗಿತ್ತು, ಬಂದ್ವು, ಹಾಕಿದೆ.”

“ಫೋಟೋ ಇಲ್ಲ ಅಂತ ತಾರೀಖ ಹೇಳಿರಲಿಲ್ಲ?”

“ಹೇಳಿದ್ದ. ಇಲ್ಲ ಅಂತ ಬರದು ಕೊಟ್ರ ಅಲ್ಲಿ ಯಾರು ಓದತಾರ್ರಿ ಮೇಡಂ? ಮಸೀದಿ ಜಮಾತಿನ ಲಗ್ನದ ಪತ್ರಾನೂ ಅವರಿಗೆ ಕಾಗದ ಅಲ್ಲ.”

ಅವನ ಮೇಲ್ ಪೆಟ್ಟಿಗೆಯಲ್ಲಿ ಕೆನಡಾದಿಂದ ಬಂದ ಜೂನ್ 3ರ ಪತ್ರವೊಂದು ತೆರೆಯದೆ ಬಿದ್ದಿತ್ತು. ಹೇಳಿಕೆಗೂ ಫೋಟೋಗೂ ತಾಳೆಯಾಗುತ್ತಿಲ್ಲ, ವಿವರಣೆ ಕೊಡಿ ಎಂದು ಕೇಳಿದ್ದರು. ಉತ್ತರ ಹೋಗಿರಲಿಲ್ಲ.

“ಇದು ಏನು?”

“ಪರೀಕ್ಷಾ ಫಾರ್ಮ್ ತುಂಬೋ ಹೊತ್ತರಿ ಅದು. ದಿನಕ್ಕ ಇನ್ನೂರು ಮೇಲ್ ಬರ್ತಾವ.”

ಒಬ್ಬ ಮನುಷ್ಯನ ಐದು ವರ್ಷ ಆ ಇನ್ನೂರರಲ್ಲಿ ಒಂದಾಗಿ ಕೊಳೆತಿತ್ತು. ಇದಕ್ಕೆ ಕಲಂ ಇಲ್ಲ. ಮೇಲ್ ತೆರೆಯದವನನ್ನು ಯಾವ ಸಂಹಿತೆಯೂ ಹಿಡಿಯುವುದಿಲ್ಲ. ಹಿಡಿಯುವುದು ಕಾಗದಕ್ಕಾಗಿ ಅಲೆದು ದಾರಿ ತಪ್ಪಿದವರನ್ನೇ. ಕಲ್ಪನಾ ಮೇಲಿನ ಪ್ರತಿಯನ್ನೂ ಪಂಚನಾಮೆಗೆ ಸೇರಿಸಿದರು. ಕವರ್ ಸಿಕ್ಕಿತು. ಅದರ ಮೂಲೆಯಲ್ಲಿ ಶಿರಹಟ್ಟಿಯ ಒಂದು ಸ್ಟುಡಿಯೋದ ಸಿಕ್ಕಾ.

ಸಂಜೆ 5ಕ್ಕೆ ತಾರೀಖನನ್ನು ಕರೆಸಿ ಫೋಟೋಗಳನ್ನು ಮುಂದಿಟ್ಟರು. ಅವನು ಅವನ್ನು ನೋಡುತ್ತಿದ್ದುದು ಅದೇ ಮೊದಲ ಸಲ.

“ಮುಖ ನಮ್ಮವ. ಪಾಸ್‌ಪೋರ್ಟಿನ ಫೋಟೋದಿಂದ ಕಿತ್ತು ಹಚ್ಯಾರ,” ಎಂದ. ಆಮೇಲೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. ತೋಳಿನ ಜರಿಯ ಮೇಲೆ ಬೆರಳಾಡಿಸಿದ. ಫೋಟೋವನ್ನು ಮಗುಚಿ ಮೇಜಿನ ಮೇಲಿಟ್ಟ.

“ಏನಾತು?”

“ಏನಿಲ್ರಿ.”

“ತಾರೀಖ, ಹದಿನಾರು ದಿನ ಉಳದಾವ.”

“ಬಟ್ಟಿ ಖರೇನ ಅಕೀದರಿ,” ಎಂದ ಕೊನೆಗೆ. “ಲಗ್ನದ ದಿನದ್ದ. ಇಂಥಾದ್ದು ಇನ್ನೊಂದಿಲ್ಲ. ಅಕಿ ಅಬ್ಬಾ ಕೈಯಾರೆ ಹೊಲದದ್ದು.”

“ಈಗ ಎಲ್ಲೈತಿ?”

“ಮುಂಡರಗ್ಯಾಗ, ಟ್ರಂಕಿನೊಳಗ. ಕೀಲಿ ಮಾಮು ಕಡೆ, ಅಕಿ ಅಬ್ಬಾನ ಕಡೆ.” ಎದ್ದು ನಿಂತ. “ಮೇಡಂ, ನನ್ನ ಫಿರ್ಯಾದಿ ವಾಪಸ್ ಕೊಡ್ರಿ. ನಾ ಏನೂ ಹೇಳಿಲ್ಲ.”

“FIR ಆದಮ್ಯಾಲ ಅದು ನಿಂದಲ್ಲ. ಸರ್ಕಾರದ್ದು.”

“ನನ್ನ ಹೆಂಡ್ತೀನೂ ಸರ್ಕಾರದವ್ರ ಇಟಗೊಂಡ್ರು, ಈಗ ಮಾಮುನ್ನೂ ಇಟಗೊಳ್ರಿ!” ಎಂದು ಕೂಗಿ, ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಪರಶುರಾಮ ಚಹಾ ಕಳಿಸಿದ. ಅದು ಆರಿತು.

13ರಂದು ಜೀಪು ಸೊರಟೂರ ದಾಟಿ ಶಿರಹಟ್ಟಿ ಸೇರಿದಾಗ 12.20. ಸ್ಟುಡಿಯೋದ ಅರ್ಜುನ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ್ದು ಏನಾದರೂ ಇದೆಯೆಂದೇ ಅವನಿಗೆ ಅನಿಸಿರಲಿಲ್ಲ.

“ಒಬ್ಬ ಅಜ್ಜ ಬಂದಿದ್ದರಿ, ಬಟ್ಟಿ ಗಂಟು ತಗೊಂಡು. ನನ್ನ ಹೆಂಡ್ತಿಗೆ ಆ ಬಟ್ಟಿ ಹಾಕಿ ಕುಂಡ್ರಿಸಿದ್ವಿ. ಬಾಜೂಕ ನಾನ ಕುಂತೆ. ಮುಖ ಆಮ್ಯಾಲೆ ಹಚ್ಚಿದೆ.”

“ಬಾಡಿಗಿ ಬಟ್ಟಿ ಇರಲಿಲ್ಲೇನು ನಿನ್ನ ಕಡೆ?”

“ಇದ್ವರಿ, ಹ್ಯಾಂಗರಿಗೆ ನಾಕು ಜೋಡಿ. ಮುಟ್ಟಲಿಲ್ಲ. ಮಂದಿ ಹೊಲದ ಬಟ್ಟಿಯಾಗ ನನ್ನ ಮಗಳು ಕುಂಡ್ರೂದಿಲ್ಲ ಅಂದ. ನನ್ನ ಹೆಂಡ್ತಿಗೆ ಟೊಂಕದಾಗ ಸಡಲ ಆತು. ಕಿಸೆದಾಗಿಂದ ಸೂಜಿ-ದಾರ ತಗದು, ಅಲ್ಲೇ ಕುಂತು ಒಳಗಿಂದ ಟಾಕಾ ಹಾಕಿ ಕೊಟ್ಟ.”

“ಇದು ಗುನ್ನೆ ಅಂತ ಗೊತ್ತಿರಲಿಲ್ಲ?”

“ಮೇಡಂ, ನಾ ದಿನಾ ಸತ್ತ ಅಪ್ಪನ್ನ ತಂದು ಮಗನ ಲಗ್ನದ ಫೋಟೋದಾಗ ನಿಂದ್ರಸ್ತೇನಿ. ಯಾರೂ ಕೇಸ್ ಹಾಕಿಲ್ಲ. ಅತ್ತು ಕೈ ಮುಗದು ಹೋಗ್ಯಾರ.”

ಕಲ್ಪನಾ ಅವನ ಹೇಳಿಕೆ ಪಡೆದು, ಕಂಪ್ಯೂಟರಿನ ಡಿಸ್ಕ್ ಜಪ್ತು ಮಾಡಿ, ತನಿಖೆ ಮುಗಿಯುವತನಕ ಊರು ಬಿಡಬಾರದೆಂದರು. “ಎಲ್ಲಿಗೆ ಹೋಗಲಿರಿ, ನಾಳೆ ಎರಡು ಸೀಮಂತ ಅದಾವ,” ಎಂದ ಅರ್ಜುನ.

14, ಗುರುವಾರ. ಮಧ್ಯಾಹ್ನ 3.30ಕ್ಕೆ ಮುಂಡರಗಿ. ಪಡಸಾಲೆಯಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಅಲ್ಫಿಯಾಳ ತಂದೆ, ಅರವತ್ತಾರರ ಮಾಶಾಕ. ಬಾಗಿಲಲ್ಲಿ ಅವನ ಹೆಂಡತಿ ರಸೂಲಬಿ.

“ಬರ್ರಿ, ಕುಂಡ್ರಿ,” ಎಂದಳು. “ಎಂಟು ದಿನದಿಂದ ಎಡಕ್ಕ ಹಾಕೋ ಗುಂಡಿ ಕಾಜಾ ಬಲಕ್ಕ ಹಾಕಾಕತ್ತಾರ. ಏನೋ ಮಾಡ್ಯಾರ ಅಂತ ನನಗ ಅವಾಗ್ಲೇ ಗೊತ್ತಾತು.”

“ನೀ ಸುಮ್ನಿರು,” ಎಂದ ಮಾಶಾಕ.

“ಸುಮ್ನಿದ್ದದ್ದಕ್ಕ ಇಲ್ಲಿಗೆ ಬಂದು ನಿಂತೈತಿ.”

ಟ್ರಂಕಿನ ಕೀಲಿಯನ್ನು ಅವನೇ ಕೊಟ್ಟ. ಕೆಂಪು ಉಡುಪು ಮೇಲೆಯೇ ಇತ್ತು. ಟೊಂಕದ ಒಳಗಡೆ ಬಿಚ್ಚದ ಟಾಕಾ. ಪಂಚನಾಮೆ ಮುಗಿಯುವಾಗ 4.15.

“ಯಾಕ ಮಾಡಿದ್ರಿ?”

“ಅಳಿಯಾನ ಗೆಳ್ಯಾರು ಅವತ್ತು ಕ್ಯಾಮೆರಾದಾಂವನ್ನ ಕರಕೊಂಡು ಬಂದಿದ್ರು. ಪೆಂಡಾಲ್ ಬಾಗಲದಾಗ ನಿಂತು ನಾನ ತಿರುಗಿಸಿ ಕಳಿಸಿದೆ. ನನ್ನ ಮಗಳ ಫೋಟೋ ಮಂದಿ ಕೈಯಾಗ ಆಡಬಾರದು ಅಂದೆ. ಅಕಿ ಒಳಗಿಂದ, ಅಬ್ಬಾ ಒಂದಽ ಒಂದು ತಗೀಲಿ ಅಂತ ಹೇಳಿ ಕಳಿಸಿದ್ಲು. ಹ್ಞೂಂ ಅನಲಿಲ್ಲ.” ಯಂತ್ರದ ಗಾಲಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ. “ಪುರಾವಿ ಕೇಳಿ ಕಾಗದ ಬಂತು. ಮುನ್ನೂರು ಮಂದಿ ಉಂಡು ಹೋಗ್ಯಾರ, ಖಾಜಿ ಬುಕ್ಕಿನ್ಯಾಗ ಸಹಿ ಐತಿ. ಅದ್ಯಾವದೂ ನಡೆಯೂದಿಲ್ಲ, ಫೋಟೋ ಬೇಕಂತ. ಕೆಡಿಸಿದಾಂವ ನಾನು. ಹೊಲಿಗಿ ಬಿಚ್ಚಿದರ ಮತ್ತ ಹಾಕಬೇಕಲ್ಲ?”

“ಮಗಳಿಗಿ, ಅಳಿಯಗ ಹೇಳಿದ್ರಿ?”

“ಹೇಳಿದ್ರ ಒಪ್ಪತಿದ್ರೇನು? ಜಮಾತಿನ ಪತ್ರ ಕಳಿಸೀನಿ ಅಂದಿದ್ದೆ. ಮುಂಡರಗ್ಯಾಗ ಎಲ್ರಿಗೂ ನನ್ನ ಗುರ್ತು ಐತಿ ಅಂತ ಶಿರಹಟ್ಟಿಗೆ ಹೋದೆ.”

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧ, ವಯಸ್ಸಾದ ಆರೋಪಿ. ಕಲ್ಪನಾ ಬಂಧಿಸುವ ಯೋಚನೆ ಮಾಡಿರಲಿಲ್ಲ. ಹಾಜರಾಗಲು ನೋಟಿಸ್ ಬರೆದು ಮುಂದಿಟ್ಟರು.

ಮಾಶಾಕ ಅದನ್ನು ಓದಿ ಹಿಂದಕ್ಕೆ ದೂಡಿದ. “ಇದು ಬ್ಯಾಡವ್ವಾ. ಅರೆಸ್ಟ್ ಮಾಡ್ರಿ.”

“ಅಜ್ಜಾರ, ನೋಟಿಸ್ ಕೊಟ್ರ ನೀವು ಮನ್ಯಾಗ ಇರ್ತೀರಿ.”

“ಮನ್ಯಾಗ ಇದ್ದು ಏನ್ ಮಾಡಲಿ? ಇದರಾಗ ಬಾ ಅಂತ ಬರದೈತಿ. ಅರೆಸ್ಟ್ ಕಾಗದದಾಗ ಇಂವಾ ಮಾಡ್ಯಾನ ಅಂತ ಇರತೈತಿ. ಮಕ್ಕಳಿಗೆ ಗೊತ್ತಿರಲಿಲ್ಲ ಅನ್ನಾಕ ಅದನ್ನ ಅಲ್ಲಿಗೆ ಕಳಸ್ಬೇಕು.”

“ನೀವ ಮಾಡೀರಿ ಅಂತ ಹೇಳೂದು ನಾನಲ್ಲ, ಕೋರ್ಟು.”

“ಕೋರ್ಟು ಇಪ್ಪತ್ತೆಂಟನೇ ತಾರೀಖಿನೊಳಗ ಹೇಳತೈತೇನು?”

ಪರಶುರಾಮ ಗೋಡೆಯ ಕಡೆ ಮುಖ ತಿರುಗಿಸಿದ.

“ಕೆನಡಾದವರು ಅದನ್ನೂ ಒಪ್ಪಲಿಕ್ಕಿಲ್ಲ,” ಎಂದರು ಕಲ್ಪನಾ.

“ಒಪ್ಪದಿದ್ರ ಬಿಡ್ಲಿ. ಈ ಸರ್ತಿ ಖರೇ ಕಾಗದ ಹೋಗಲಿ.” ಎರಡೂ ಕೈ ಮೊಣಕಾಲ ಮೇಲಿಟ್ಟ. “ನೋಟಿಸಿಗೆ ಸಹಿ ಮಾಡೂದಿಲ್ಲ. ಕರದ್ರ ಬರೂದಿಲ್ಲ. ಬರಕೊಳ್ರಿ.”

ಕಲ್ಪನಾ ನೋಟಿಸನ್ನು ಮಡಚಿ ಫೈಲಿಗೆ ಸೇರಿಸಿದರು. ಜಾತಿಗೆ ಒಂದು ಕಾಗದ, ಬಡತನಕ್ಕೆ ಒಂದು ಕಾಗದ, ಬದುಕಿದ್ದಕ್ಕೆ ವರ್ಷಕ್ಕೊಂದು ಕಾಗದ. ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ಜನರನ್ನು ನೋಡುತ್ತಲೇ ಅವರ ಹದಿನಾಲ್ಕು ವರ್ಷದ ನೌಕರಿ ಸವೆದಿತ್ತು. ತನ್ನನ್ನೇ ಕಾಗದ ಮಾಡಿ ಕಳಿಸಿ ಎಂದವನನ್ನು ಈವರೆಗೆ ಕಂಡಿರಲಿಲ್ಲ. ಕೊನೆಗೆ ಬರೆದರು: ಆರೋಪಿಯು ನೋಟಿಸ್ ಸ್ವೀಕರಿಸಲು ಹಾಗೂ ಪಾಲಿಸಲು ನಿರಾಕರಿಸಿದ್ದರಿಂದ, ಸಂಜೆ 4 ಗಂಟೆ 50 ನಿಮಿಷಕ್ಕೆ ಬಂಧಿಸಲಾಯಿತು.

ಬಂಧನದ ಸುದ್ದಿಯನ್ನು ಯಾರಿಗೆ ತಿಳಿಸಬೇಕು ಎಂಬ ಕಾಲಂ ಉಳಿದಿತ್ತು.

“ನಿಮ್ಮ ಮನಿಯವರ ಹೆಸರು ಬರೀಲೇನು?”

“ಅಕಿಗೆ ತಿಳಿದೈತಲ್ಲ. ಮಗಳ ಹೆಸರು ಹಾಕ್ರಿ. ನೀವ ಹೇಳ್ರಿ ಮೇಡಂ, ನನ್ನ ಕಡಿಂದ ಆಗೂದಿಲ್ಲ.”

ರಸೂಲಬಿ ನಂಬರ್ ಹಚ್ಚಿ, ಸ್ಪೀಕರ್ ಒತ್ತಿ ಕೊಟ್ಟಳು. ಅಲ್ಲಿ ಆಗ ಬೆಳಗಿನ ಏಳೂವರೆ. ನಾಲ್ಕನೆಯ ರಿಂಗಿಗೆ ಅಲ್ಫಿಯಾ ಎತ್ತಿದಳು.

“ಬೆಟಗೇರಿ ಪೊಲೀಸ್ ಠಾಣೆಯಿಂದ ಇನ್ಸ್‌ಪೆಕ್ಟರ್ ಕಲ್ಪನಾ ಮಾತಾಡಾಕತ್ತೀನಿ.”

ಆ ಕಡೆ ಒಂದು ನಿಟ್ಟುಸಿರು. ಆಮೇಲೆ ದಣಿದ ದನಿ:

“ಹೇಳ್ರಿ ಮೇಡಂ. ಇನ್ನ ಯಾವ ಕಾಗದ ಬೇಕಾಗೇತಿ?”

ಕಲ್ಪನಾ ಬಾಯಿ ತೆರೆಯುವ ಮೊದಲೇ ಮಾಶಾಕ ಕೈ ಚಾಚಿ ಫೋನು ತೆಗೆದುಕೊಂಡ.

“ಕಾಗದ ಅಲ್ಲ ಬೇಟಾ,” ಎಂದ. “ನಾನು.”