ದಂಡವಿಲ್ಲದ ಹುಡುಗಿ

"ಏಯ್, ನಿಲ್ಲು! ಅಲ್ಲೇ... ಅಲ್ಲೇ ಕೂತ್ಕೋ!"

ಲುಪೆ ಬೆಚ್ಚಿಬಿದ್ದಳು. ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಹಾಡಿನ ತಂತಿ ಜಾರಿ ಹೆಗಲ ಮೇಲೆ ಬಿತ್ತು. ಎದುರಿಗೆ ಎತ್ತರದ ಗಂಡಸೊಬ್ಬ ಸೊಂಟಕ್ಕೆ ನೀಲಿ ಲಾವಲಾವಾ ಪಂಚೆ ಸುತ್ತಿಕೊಂಡು, ದಾರಿಗಡ್ಡ ಕೈ ಚಾಚಿ ನಿಂತಿದ್ದ.

"ಯಾಕೆ? ನೀವ್ಯಾರು ನನ್ನ ತಡೆಯೋಕೆ?"

"ಶ್... ಮೆಲ್ಲಗೆ! ಶಂಖ ಊದಿ ಆಯ್ತು. ಕೇಳಿಸ್ಲಿಲ್ವಾ?"

ಆಗ ಅವಳು ಸುತ್ತಲೂ ನೋಡಿದಳು. ಅಯ್ಯೋ ದೇವರೇ!

ಈಗಷ್ಟೇ ಗಲಾಟೆಯಲ್ಲಿದ್ದ ಆಟದ ಬಯಲಲ್ಲಿ ಚೆಂಡು ಒಂಟಿಯಾಗಿ ಬಿದ್ದಿತ್ತು. ದಾರಿಯ ಎರಡೂ ಬದಿ ಗೋಡೆಯೇ ಇಲ್ಲದ ಮನೆಗಳು, ಬರೀ ಕಂಬಗಳು. ಒಳಗೆ ಚಾಪೆಯ ಮೇಲೆ ಮನೆಮಂದಿಯೆಲ್ಲ ತಲೆ ಬಗ್ಗಿಸಿ ಕೂತಿದ್ದರು. ದಾರಿಯುದ್ದಕ್ಕೂ ಅಲ್ಲೊಬ್ಬ ಇಲ್ಲೊಬ್ಬ ಕಾವಲಿನ ಯುವಕರು. ಇಡೀ ಊರಿನಲ್ಲಿ ನಡೆದಾಡುತ್ತಿದ್ದವಳು ಇವಳೊಬ್ಬಳೇ, ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣ ಬೇರೆ!

'ಸಾ'... ಅಪ್ಪನ ಈ ದ್ವೀಪದಲ್ಲಿ ಸಂಜೆಯ ಪ್ರಾರ್ಥನೆಯ ಹೊತ್ತು. ಅಪ್ಪ ಎಷ್ಟು ಸಲ ಹೇಳಿದ್ದರು! ಆಕ್ಲೆಂಡಿನ ಆ ಪುಟ್ಟ ಬಾಡಿಗೆ ಮನೆಯಲ್ಲೂ ಈ ಹೊತ್ತಿಗೆ ಟೀವಿ ಆರಿಸಿ ಅಪ್ಪ ಮಗಳು ಇಬ್ಬರೇ ಕೂತು ಹಾಡುತ್ತಿದ್ದರು. ಆದರೆ ಅಲ್ಲಿ ಬಾಗಿಲು ಹಾಕಿರುತ್ತಿತ್ತು, ಹೊರಗೆ ಬಸ್ಸುಗಳು ಓಡಾಡುತ್ತಿದ್ದವು.

ಅವಳು ದಾರಿಯ ಮಣ್ಣಿನಲ್ಲೇ ಕುಸಿದು ಕೂತಳು. ಮುಖ ಕೆಂಡವಾಗಿತ್ತು. ಎಲ್ಲ ಕಂಬಗಳ ನಡುವಿನಿಂದಲೂ ಕಣ್ಣುಗಳು ತನ್ನನ್ನೇ ನೋಡುತ್ತಿವೆ ಅನ್ನಿಸಿತು. 'ಭೂಮಿ ಬಾಯಿ ಬಿಡಬಾರದೇ!' ಎಂದು ಒಳಗೊಳಗೇ ಕುಗ್ಗಿದಳು.

ಕಾವಲಿನವನು ನಿಂತೇ ಇರಬೇಕು, ಅದು ನಿಯಮ. ಆದರೆ ಅವನು ಅತ್ತಿತ್ತ ನೋಡಿ, ತಾನೂ ಸಿಕ್ಕಿಬಿದ್ದವನ ಹಾಗೆ ಅವಳ ಪಕ್ಕದಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

ಅಪ್ಪ ಸತ್ತ ಮೇಲೆ ತನ್ನ ಪಕ್ಕ ಹೀಗೆ ಸುಮ್ಮನೆ ಬಂದು ಕೂತವರು ಯಾರಾದರೂ ಇದ್ದರೇ? ಲುಪೆಗೆ ಒಬ್ಬರೂ ನೆನಪಾಗಲಿಲ್ಲ.

ಪ್ರಾರ್ಥನೆ ಮುಗಿಯಿತೆಂದು ಮತ್ತೆ ಶಂಖ ಮೊಳಗಿತು. ಇಬ್ಬರೂ ಎದ್ದರು.

"ಕ್ಷಮಿಸಿ... ನನಗೀಗ ದಂಡ ಹಾಕ್ತಾರಾ?"

ಅವನು ನಕ್ಕ. ಬಾಯಿಂದ ಬಂದದ್ದು ಅಪ್ಪಟ ಆಕ್ಲೆಂಡಿನ ಇಂಗ್ಲಿಷು! "ಊರವರಾಗಿದ್ರೆ ಮನೆಯವರ ತಲೆ ಮೇಲೆ ಒಂದು ಹಂದಿ ದಂಡ ಬೀಳ್ತಿತ್ತು. ನೀವು ಅತಿಥಿ ಅಲ್ವಾ? ಅತಿಥಿಗೆ ದಂಡ ಇಲ್ಲ. ಅಂದಹಾಗೆ ನಾನು ಮಲಾಕಿ."

ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

'ಅತಿಥಿ...! ಅಗೋ ಆ ಮನೆಯ ಅಂಗಳದಲ್ಲಿ ನನ್ನಪ್ಪನ ಗೋರಿ ಇದೆ. ನಾನು ಅತಿಥಿಯಾ?'

*

ಆ ಮನೆ ಅವಳ ಸೋದರತ್ತೆ ರೂತಾಳದು. ಅಪ್ಪನ ಅಕ್ಕ, ಮನೆತನದ ಪಟ್ಟ ಹೊತ್ತವಳು, ಊರಿನ ಹಿರಿಯರ ಸಭೆಯಲ್ಲಿ ಪಟ್ಟದವರಿಗೇ ಮೀಸಲಾದ ಕಂಬಕ್ಕೊರಗಿ ಕೂರುವ ಹೆಂಗಸು. ಹೋದ ವರ್ಷ ತಮ್ಮನ ದೇಹವನ್ನು ಆಕ್ಲೆಂಡಿನಿಂದ ತರಿಸಿ ಅಂಗಳದಲ್ಲೇ ಮಣ್ಣು ಮಾಡಿಸಿದ್ದಳು. ಗೋರಿಗೆ ಸುಣ್ಣ ಬಳಿದು ಮುಗಿಸುವ ಹೊತ್ತಿಗೆ ಮಗಳು ಇರಲಿ ಎಂದು ಈಗ ಕರೆಸಿಕೊಂಡಿದ್ದಳು. ಲುಪೆಯ ಅಮ್ಮ ಬಿಳಿಯಳು, ಯಾವಾಗಲೋ ಇನ್ನೊಂದು ಸಂಸಾರ ಹೂಡಿ ದೂರವಾಗಿದ್ದಳು.

ಅತ್ತೆ ಪ್ರೀತಿಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಕಷ್ಟ ಆಗಿದ್ದೇ ಅದರಿಂದ!

ಊಟಕ್ಕೆ ಅತ್ತೆಯ ಸಮಕ್ಕೆ ಲುಪೆಗೆ ಎಲೆ. ಮೀನಿನ ಒಳ್ಳೆ ತುಂಡು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆ, ಎಲ್ಲ ಮೊದಲು ಅವಳಿಗೆ. ಎದುರಿಗೆ ಅತ್ತೆಯ ಮಗಳು ಎಸೆತಾ ಕೂತು ಬೀಸಣಿಗೆಯಿಂದ ನೊಣ ಓಡಿಸುತ್ತಿದ್ದಳು. ಇವರ ಊಟ ಮುಗಿದ ಮೇಲೆ ಉಳಿದದ್ದನ್ನು ಹಿತ್ತಲಿನ ಅಡುಗೆ ಗುಡಿಸಲಿಗೆ ಒಯ್ದು, ಅಲ್ಲಿ ಮನೆಯ ಕಿರಿಯರೆಲ್ಲ ಒಟ್ಟಿಗೆ ತಿನ್ನುತ್ತಿದ್ದರು.

ಲುಪೆ ತೊಳೆಯಲೆಂದು ತಟ್ಟೆಗೆ ಕೈ ಹಾಕಿದರೆ ಸಾಕು...

"ಅಯ್ಯೋ ಬೇಡಮ್ಮಾ! ನೀನು ಕೂತ್ಕೋ. ನಿನ್ನ ಕೈಲಿ ಪಾತ್ರೆ ತೊಳಸ್ತೀವಾ?"

"ಒಂದೇ ಒಂದು ಲೋಟ, ಅತ್ತೆ..."

"ಬೇಡ ಅಂದೆ. ಎಸೆತಾ, ಇವಳಿಗೊಂದು ದಿಂಬು ಕೊಡೇ!"

ಹಿತ್ತಲಿನಿಂದ ನಗು ಕೇಳುತ್ತಿತ್ತು. ಯಾರೋ ಯಾರನ್ನೋ ಛೇಡಿಸುತ್ತಿದ್ದರು, ಯಾರದೋ ತಲೆಗೆ ತಟ್ಟೆಂದು ಮೊಟಕಿದ ಸದ್ದು. ಲುಪೆ ದಿಂಬಿಗೊರಗಿ ಒಬ್ಬಳೇ ಕೂತು ಆ ನಗುವನ್ನು ಕೇಳುತ್ತಿದ್ದಳು.

ಆಕ್ಲೆಂಡಿನಲ್ಲಿ ಅವಳು ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು. ಬಂದವರು ಕೇಳುತ್ತಿದ್ದರು, "ನಿಮ್ಮದು ಯಾವೂರು?" ಇದೇ ಊರು ಎಂದರೆ, "ಅದಲ್ಲ... ನಿಜವಾಗಿ ಎಲ್ಲಿಯವರು?" ಇಲ್ಲಿ ಹಾದಿಯ ಮಕ್ಕಳು ಅವಳ ನಡಿಗೆ ನೋಡಿಯೇ "ಪಲಾಂಗಿ! ಬಿಳಿಯಳು!" ಎಂದು ಕೂಗಿ ಓಡುತ್ತಿದ್ದರು. 'ಹಾಗಾದರೆ ನಾನು ನಿಜವಾಗಿ ಎಲ್ಲಿಯವಳು, ಅಪ್ಪಾ?' ಗೋರಿಯ ಬಿಸಿಕಲ್ಲಿನ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಅಪ್ಪ ಬದುಕಿದ್ದಾಗಲೂ ಇದಕ್ಕೆ ಉತ್ತರ ಹೇಳಿದವರಲ್ಲ.

ಉಸಿರಾಡಲು ಇದ್ದದ್ದು ಒಂದೇ ಜಾಗ... ಕಡಲ ಕಟ್ಟೆ, ದೋಣಿ ದಡಕ್ಕೆ ಎಳೆದು ಬಂದು ಕೂರುವ ಮಲಾಕಿಯ ಪಕ್ಕ. ಅವನೂ ಹುಟ್ಟಿದ್ದು ಆಕ್ಲೆಂಡಿನಲ್ಲೇ. ಶಾಲೆಯಲ್ಲಿ ಹೊಡೆದಾಟ ಜಾಸ್ತಿಯಾಯಿತೆಂದು ಮೀಸೆ ಚಿಗುರುವ ವಯಸ್ಸಿನಲ್ಲಿ ಅವನಪ್ಪ ಇಲ್ಲಿಗೆ, ದೊಡ್ಡಪ್ಪನ ಮನೆಗೆ ಅಟ್ಟಿದ್ದ.

"ಅಲ್ಲಿಯದು ಏನು ನೆನಪಾಗುತ್ತೆ ನಿನಗೆ?" ಲುಪೆ ಕೇಳಿದಳು.

"ಚಳಿ. ಬಸ್ಸಿಗೆ ಕಾಯೋವಾಗ ಬಾಯಿಂದ ಹೊಗೆ ಬರುತ್ತಲ್ಲ, ಅದು. ಆಮೇಲೆ ಕಾಗದದಲ್ಲಿ ಸುತ್ತಿದ ಮೀನು, ಆಲೂಗಡ್ಡೆ... ಉಪ್ಪು ಜಾಸ್ತಿ ಹಾಕಿಸ್ಕೋತಿದ್ದೆ."

"ದಿನಾ ಮೀನು ಹಿಡಿಯೋನು ಅಂಗಡಿ ಮೀನಿಗೆ ಆಸೆಪಡ್ತಿದ್ದೀಯಾ? ನಾಚಿಕೆ ಆಗಲ್ವಾ?"

"ಆಗುತ್ತೆ. ಅದಕ್ಕೇ ಯಾರಿಗೂ ಹೇಳಿಲ್ಲ. ನಿನಗೆ ಮಾತ್ರ."

ಎಷ್ಟೋ ತಿಂಗಳ ಮೇಲೆ ಅವಳು ಬಾಯ್ತುಂಬ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, "ಮಲಾಕಿ, ಇದು ನನ್ನ ಮನೆ ಅಂತ ನಿನಗೆ ಯಾವಾಗ ಅನ್ನಿಸ್ತು?"

ಅವನು ಹೆಣೆಯುತ್ತಿದ್ದ ಬಲೆಯ ಗಂಟು ಬಿಗಿದ. "ಇನ್ನೊಂದಿನ ಹೇಳ್ತೀನಿ. ಈಗ ಹೇಳಿದ್ರೆ ನಗ್ತೀಯ."

ಸಂಜೆಗಳು ಹೀಗೇ ಕಳೆದವು. ಅವಳ ಮನಸ್ಸು ಅವನ ಕಡೆ ವಾಲಿದ್ದು ಅವಳಿಗೇ ಗೊತ್ತಾಗುವ ಮೊದಲು ಎಸೆತಾಳಿಗೆ ಗೊತ್ತಾಗಿತ್ತು. "ಮೀನು ತರೋನು ನಮ್ಮನೆ ದಾರಿ ಮರೆಯೋದೇ ಇಲ್ಲ ಈಚೆಗೆ!" ಎಂದು ಬೀಸಣಿಗೆ ಬೀಸುತ್ತಲೇ ಕಣ್ಣು ಮಿಟುಕಿಸುತ್ತಿದ್ದಳು. ಅವನು ಮಾತ್ರ ಬಾಯಿ ಬಿಡಲಿಲ್ಲ. ಇಬ್ಬರೂ ಮೂವತ್ತು ದಾಟಿದವರು, ಇಬ್ಬರೂ ಮಹಾ ಪುಕ್ಕಲರು!

ಕೊನೆಗೆ ಅವಳೇ ಒಂದು ಕಲ್ಲೆಸೆದು ನೋಡಿದಳು.

"ಸೋಮವಾರ ನನ್ನ ವಿಮಾನ."

'ಇರು ಅನ್ನು... ಒಂದೇ ಒಂದು ಸಲ ಇರು ಅಂದುಬಿಡು!'

ಮಲಾಕಿಯ ಕೈಯಲ್ಲಿದ್ದ ಬಲೆ ನಿಂತಿತು. ಆಕ್ಲೆಂಡಿನಿಂದ ಬಂದವರು ವಿಮಾನ ನಿಲ್ದಾಣದಲ್ಲಿ ಅತ್ತು, ಮತ್ತೆ ಬರ್ತೀವಿ ಎಂದು ಹೋಗಿ, ಮರೆತದ್ದನ್ನು ಅವನು ಎಷ್ಟು ಸಲ ನೋಡಿರಲಿಲ್ಲ! ಎದೆ ಗಟ್ಟಿ ಮಾಡಿಕೊಂಡು ಮತ್ತೆ ಬಲೆ ಹೆಣೆಯತೊಡಗಿದ.

"ಹೌದಾ? ಸರಿ... ಅತಿಥಿಗಳು ಅಂದಮೇಲೆ ಹೋಗಲೇಬೇಕಲ್ಲ."

ಮತ್ತದೇ ಮಾತು! ಅವನ ಬಾಯಲ್ಲೂ!

*

ಅವಳು ಸರಕ್ಕನೆ ಎದ್ದು ಕಡಲ ತೀರದುದ್ದಕ್ಕೂ ನಡೆದಳು. ಅತ್ತು ಅತ್ತು ಕಣ್ಣು ಬಾತವು. ತಿರುಗಿ ಊರೊಳಗೆ ಬರುವಾಗ ಶಂಖ ಮೊಳಗಿತು.

ಈ ಸಲ ಅವಳಿಗೆ ಚೆನ್ನಾಗಿ ಕೇಳಿಸಿತು. ಏನು ಮಾಡಬೇಕೆಂದೂ ಗೊತ್ತಿತ್ತು.

'ಯಾಕೆ ಕೂರಲಿ? ಅತಿಥಿಗೆ ದಂಡ ಇಲ್ಲವಲ್ಲ!'

ನಡೆದೇ ನಡೆದಳು. ಮನೆಗಳೊಳಗೆ ಬಗ್ಗಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಕಾವಲಿನ ಯುವಕರು ಗಾಬರಿಯಿಂದ ಕೈ ಸನ್ನೆ ಮಾಡಿದರು. ಸಾಲಿನ ಕೊನೆಯಲ್ಲಿ ಆಗಷ್ಟೇ ಕಾವಲಿಗೆ ಬಂದ ಮಲಾಕಿ ನಿಂತಿದ್ದ. ಅವನ ಕಣ್ಣಲ್ಲಿ ಕಣ್ಣಿಟ್ಟು, ಅವನ ಮುಂದೆಯೇ ಹಾದುಹೋದಳು. ಅವನು ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಹಿರಿಯರ ಸಭೆ ಸೇರಿತು. ರೂತಾ ಅತ್ತೆ ಹೋದಳು. ಹಿಂದಿರುಗಿದಾಗ ಅವಳ ಮುಖ ನೋಡಿ ಅಂಗಳದ ಕೋಳಿಗಳೂ ದಾರಿ ಬಿಟ್ಟವು.

"ಲುಪೇ! ಬಾರೇ ಇಲ್ಲಿ!"

"ಅತ್ತೆ...?"

"ಅತ್ತೆಯಂತೆ ಅತ್ತೆ! ನಮ್ಮನೆ ಮಾನ ಮೂರು ಕಾಸಿಗೆ ಹರಾಜು ಹಾಕಿದ್ಯಲ್ಲೇ! ಕತ್ತೆ ಬೆಳೆದ ಹಾಗೆ ಬೆಳೆದಿದ್ದೀಯ, ಸಾ ಹೊತ್ತಲ್ಲಿ ರಾಣಿ ಹಾಗೆ ಮೆರವಣಿಗೆ ಹೊರಡ್ತೀಯಾ? ಕ್ರಿಸ್ಮಸ್ಸಿಗೆ ಅಂತ ಸಾಕಿದ್ನಲ್ಲ, ಆ ಕಪ್ಪು ಹಂದಿ, ದಂಡಕ್ಕೆ ಹೋಯ್ತು! ಜೊತೆಗೆ ಗೆಡ್ಡೆ, ಮೀನಿನ ಡಬ್ಬಿ! ಸಂಜೆಯೊಳಗೆ ಇಡೀ ಸಭೆಗೆ ಊಟ ಹಾಕಬೇಕು!"

"ಆದರೆ... ಅತಿಥಿಗೆ ದಂಡ..."

"ಯಾರೇ ಅತಿಥಿ? ಮಲಾಕಿ ನಿನ್ನ ಹೆಸರು ಹೇಳಿ ದೂರು ಕೊಟ್ಟ!"

ಮಲಾಕಿ!

'ಮಣ್ಣಿನಲ್ಲಿ ನನ್ನ ಪಕ್ಕ ಕೂತವನೇ ನನ್ನನ್ನು ಹಿಡಿದುಕೊಟ್ಟನೇ?'

ಅಳಲು ಅತ್ತೆ ಬಿಡಬೇಕಲ್ಲ! ಪೊರಕೆ ತೋರಿಸಿ, "ನಿಂತು ನೋಡ್ತೀಯಾ? ಹೋಗು, ತೆಂಗಿನಕಾಯಿ ತುರಿ! ನಿನ್ನಿಂದ ಆಗಿದ್ದು, ನೀನೇ ದುಡಿ!" ಎಂದು ಹಿತ್ತಲಿಗೆ ಅಟ್ಟಿದಳು.

ಲುಪೆ ಕಾಯಿ ತುರಿದಳು, ಬೆರಳೂ ತುರಿದುಕೊಂಡಳು. ಬಿಸಿಗಲ್ಲಿನ ಒಲೆಯ ಹೊಗೆಗೆ ಕೆಮ್ಮಿದಳು. ಹಿರಿಯರು ಬಂದು ಕೂತಾಗ ಬೀಸಣಿಗೆ ಹಿಡಿದು ನೊಣ ಓಡಿಸಿದಳು. "ಜೋರಾಗಿ ಬೀಸೇ!" ಎಂದು ಅತ್ತೆ ಎಲ್ಲರೆದುರೇ ಗದರಿದಳು. ಅವರೆಲ್ಲ ಎದ್ದ ಮೇಲೆ ಉಳಿದ ಗೆಡ್ಡೆ, ಮೀನಿನ ಬಾಲ, ತಳಕ್ಕಂಟಿದ ತೆಂಗಿನ ಹಾಲು... ಎಲ್ಲ ಅಡುಗೆ ಗುಡಿಸಲಿಗೆ ಬಂತು. ಎಸೆತಾ ಸರಿದು ಜಾಗ ಕೊಟ್ಟಳು.

"ಬೇಗ ತಿನ್ನು. ಇಲ್ಲಿ ನಿಂಗೆ ಅಂತ ಯಾರೂ ಎತ್ತಿಡಲ್ಲ!"

ಯಾರೋ ಅವಳ ತಲೆಗೊಂದು ಮೊಟಕಿದರು. ಎಲ್ಲರೂ ನಕ್ಕರು. ಲುಪೆ ಬಾಯಿಗಿಟ್ಟ ಗೆಡ್ಡೆ ಅಲ್ಲೇ ನಿಂತಿತು. ದಿಂಬಿಗೊರಗಿ ದಿನವೂ ಕೇಳುತ್ತಿದ್ದ ನಗು... ಈಗ ಅದರ ನಡುವೆ ತಾನೇ ಕೂತಿದ್ದಳು! ಕಣ್ಣೀರು ತಟತಟನೆ ಮಡಿಲಿಗೆ ಬಿತ್ತು.

ರೂತಾ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದನಿ ಈಗ ಇಳಿದಿತ್ತು.

"ಸಭೆ ನಿನ್ನನ್ನು ಬಿಟ್ಟುಬಿಡೋದ್ರಲ್ಲಿತ್ತು ಕಣೇ. ಆಕ್ಲೆಂಡಿನ ಹುಡುಗಿ, ಪಾಪ, ಏನು ಗೊತ್ತು, ಹೋಗ್ಲಿ ಬಿಡಿ ಅಂದ್ರು. ಆವಾಗ ಮಲಾಕಿ ಎದ್ದ. ಪಟ್ಟ ಇಲ್ಲದೆ, ಹಿರಿಯರಿಗೆ ಪಾನ ಹಂಚೋಕೆ ನಿಂತ ಅವನಂಥೋರು ಸಭೆಯಲ್ಲಿ ಕೇಳದೆ ಬಾಯಿ ಬಿಡೋ ಹಾಗಿಲ್ಲ. ಇವನು ಬಿಟ್ಟ. 'ಅವಳು ಅತಿಥಿ ಅಲ್ಲ. ಅವಳಪ್ಪ ಈ ಊರ ಮಣ್ಣಲ್ಲಿ ಮಲಗಿದ್ದಾನೆ. ಅವಳು ರೂತಾ ಮನೆ ಮಗಳು. ಮನೆ ಮಗಳು ತಪ್ಪು ಮಾಡಿದ್ರೆ ಮನೆಗೆ ದಂಡ ಬೀಳಬೇಕು' ಅಂದ."

ಎಸೆತಾ ಕೈಯಲ್ಲಿದ್ದ ಗೆಡ್ಡೆ ಕೆಳಗಿಟ್ಟಳು.

"ನನಗೆ ನಾಚಿಕೆ ಆಯ್ತು, ಲುಪೆ. ನನ್ನ ತಮ್ಮನ ಮಗಳನ್ನ ದಿಂಬಿನ ಮೇಲೆ ಕೂರಿಸಿ ನಾನೇ ಹೊರಗಿಟ್ಟಿದ್ದೆ. ನಿನಗೆ ಕಷ್ಟ ಆಗಬಾರದು ಅಂದ್ಕೊಂಡೆ..." ಅತ್ತೆ ಅಂಗಿಯ ಭುಜಕ್ಕೆ ಮುಖ ಒರೆಸಿಕೊಂಡಳು. "ಮಾತಾಡಿದ್ದಕ್ಕೆ ಅವನಿಗೂ ಶಿಕ್ಷೆ ಆಗಿದೆ. ಇಗರ್ಜಿ ಅಂಗಳದ ಕಳೆಯೆಲ್ಲ ಅವನೊಬ್ಬನೇ ಕೀಳಬೇಕು. ಸುಮ್ಮಸುಮ್ಮನೆ ಯಾವ ಗಂಡಸು ಹಿರಿಯರ ಮುಂದೆ ಬಾಯಿ ಬಿಡ್ತಾನೆ ಹೇಳು? ವಂಶ ಬೇರೆ ಬೇರೇನೇ, ನಾನು ವಿಚಾರಿಸಿದ್ದೀನಿ. ನೋಡ್ತಾ ಕೂತ್ಯಲ್ಲ, ಹೋಗೇ!"

*

ಮಲಾಕಿ ಇಗರ್ಜಿಯ ಗೋಡೆ ಪಕ್ಕ ಮಂಡಿಯೂರಿ ಕಳೆ ಕೀಳುತ್ತಿದ್ದ. ನೆರಳು ಕಂಡು ತಲೆಯೆತ್ತಿದ. ಹೊಗೆಗೆ ಕೆಂಪಾದ ಕಣ್ಣು, ಕೂದಲಲ್ಲಿ ತೆಂಗಿನ ತುರಿ, ಬೆರಳಿಗೆ ಸುತ್ತಿದ ಬಟ್ಟೆ. ಅಂಥ ಲುಪೆಯನ್ನು ಅವನು ಕಂಡೇ ಇರಲಿಲ್ಲ.

"ಬೈಯೋಕೆ ಬಂದ್ಯಾ?"

"ಒಂದು ಪ್ರಶ್ನೆ ಬಾಕಿ ಇದೆ. ಇದು ನಿನ್ನ ಮನೆ ಅಂತ ಯಾವಾಗ ಅನ್ನಿಸ್ತು?"

ಅವನು ಕೈಯ ಮಣ್ಣು ಕೊಡವಿದ. "ಬಂದ ಹೊಸದರಲ್ಲಿ ನಾನು ಏನು ಮಾಡಿದ್ರೂ ಬಿಟ್ಟುಬಿಡ್ತಿದ್ರು. ಪಾಪ, ಆಕ್ಲೆಂಡಿನ ಹುಡುಗ ಅಂತ. ಅಷ್ಟು ಒಂಟಿ ಅಂತ ಯಾವತ್ತೂ ಅನ್ನಿಸಿರಲಿಲ್ಲ ನನಗೆ. ಒಂದಿನ ಪಕ್ಕದ ಮನೆ ಹಲಸು ಕದ್ದೆ. ದೊಡ್ಡಪ್ಪನಿಗೆ ದಂಡ ಬಿತ್ತು. ಮನೆಗೆ ಬಂದು ಬಾರಿಸಿದ್ರು ನೋಡು! ಅವತ್ತು ಅನ್ನಿಸ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಮತ್ತೆ ಕಡಲ ಕಟ್ಟೆ ಮೇಲೆ ನನ್ನನ್ನ ಅತಿಥಿ ಅಂದದ್ದು?"

"ಹೆದರಿದ್ದೆ. ನೀನು ಹೋಗ್ತೀಯಲ್ಲ... ಲುಪೆ, ನಾನು ನಿನ್ನ..."

ಶಂಖ ಮೊಳಗಿತು!

ಇಬ್ಬರೂ ಇದ್ದಲ್ಲೇ ಕೂತರು. ಕಿತ್ತ ಹುಲ್ಲಿನ ಹಸಿ ವಾಸನೆ. ಮನೆಮನೆಯಿಂದ ಹಾಡು ಎದ್ದಿತು. ಅಪ್ಪ ಹಾಡುತ್ತಿದ್ದ ಹಾಡೇ ಅದು. ಲುಪೆ ಮೆಲುದನಿಯಲ್ಲಿ ಜೊತೆಗೂಡಿದಳು, ಮಲಾಕಿಯೂ ಹಾಡಿದ. ಅರ್ಧಕ್ಕೆ ನಿಂತ ಮಾತು ಇಬ್ಬರ ನಡುವೆ ಕಾದು ಕೂತಿತ್ತು. ಅವಳ ಗಾಯದ ಬೆರಳನ್ನು ಅವನು ಹುಲ್ಲಿನ ಮರೆಯಲ್ಲಿ ಹಿಡಿದುಕೊಂಡ. ಯಾರೂ ನೋಡಲಿಲ್ಲ, ಅಥವಾ ನೋಡಿಯೂ ಸುಮ್ಮನಿದ್ದರು.

ಮತ್ತೆ ಶಂಖ.

"ಈಗ ಹೇಳು," ಎಂದಳು.

"ನಿನ್ನನ್ನ ಪ್ರೀತಿಸ್ತೀನಿ. ಇರು ಅನ್ನೋ ಹಕ್ಕು ನನಗಿದೆಯೋ ಇಲ್ವೋ ಗೊತ್ತಿಲ್ಲ. ಆದರೂ... ಇರು."

"ಸೋಮವಾರ ಹೋಗಲೇಬೇಕು, ಮಲಾಕಿ. ಕೆಲಸ ಬಿಡಬೇಕು, ಆ ಮನೆ ಖಾಲಿ ಮಾಡಬೇಕು." ಅವನ ಮುಖ ಬಾಡುವ ಮೊದಲೇ ಬೆರಳು ಬಿಗಿಹಿಡಿದಳು. "ಆಮೇಲೆ ಬರ್ತೀನಿ. ನಾನೂ ನಿನ್ನನ್ನ ಪ್ರೀತಿಸ್ತೀನಿ, ಪುಕ್ಕಲ!"

"ಬಂದಾಗ ಯಾರೂ ಹೂಮಾಲೆ ಹಾಕಲ್ಲ ನಿಂಗೆ. ಅದೆಲ್ಲ ಅತಿಥಿಗಳಿಗೆ."

"ಬೇಡ."

"ಮೀನಿನ ಬಾಲವೇ ಸಿಗೋದು."

"ಸಾಕು."

ಕತ್ತಲಾಗತೊಡಗಿದ ದಾರಿಯಾಚೆಯಿಂದ ರೂತಾ ಅತ್ತೆಯ ದನಿ ಊರಿಗೆಲ್ಲ ಕೇಳುವಂತೆ ಬಂತು: "ಲುಪೇ...! ರಾಶಿ ಪಾತ್ರೆ ಬಿದ್ದಿದೆ, ಯಾರೇ ತೊಳೀತಾರೆ?"

ಲುಪೆ ಎದ್ದು ನಿಂತಳು. ಅಪ್ಪ ಹೋದಂದಿನಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದಿತ್ತು.

ಮಲಾಕಿ ಅವಳ ಕೂದಲಲ್ಲಿದ್ದ ತೆಂಗಿನ ತುರಿ ತೆಗೆದು ಮೆಲ್ಲಗೆ ಹೇಳಿದ, "ಹೋಗು. ಮನೆಯವರು ಕರೀತಿದಾರೆ."

"ಬಂದೇ...!" ಎಂದು ಕೂಗುತ್ತ ಅವಳು ಓಡಿದಳು.