ಕರಿಹಲಗೆಯ ಮೂರನೆಯ ಸಾಲು

ಗೋಡೆಯ ಪರದೆಯ ಮೇಲೆ ನಲವತ್ತೊಂದು ಎಂಬ ಅಂಕಿ ಕೆಂಪಗೆ ಮೂಡಿದಾಗ ನೀಲಗಂಗಾ ಟೀಚರ ಕೈಯಲ್ಲಿದ್ದ ಚಾಕ್‌ಪೀಸ್ ಮುರಿಯಿತು. ಅರವತ್ತಾದರೂ ಬೇಕಿತ್ತು. ಎರಡು ಸೋಮವಾರ ಆಗಲೇ ಕೆಂಪಾಗಿದ್ದವು, ಇದು ಮೂರನೆಯದು. ಮೂರು ಕೆಂಪಾದರೆ ಮುಚ್ಚುವ ನಿಯಮ; ಮಧ್ಯಾಹ್ನ ಹನ್ನೆರಡರೊಳಗೆ ಅಂಕಿ ಏರದಿದ್ದರೆ ಕಲ್ಲುಗಣಿಯ ಪಕ್ಕದ ಈ ಶಾಲೆಗೆ ಬೀಗ, ಮಕ್ಕಳು ಏಳು ಕಿಲೋಮೀಟರ್ ದೂರದ ಶಾಲೆಗೆ. ಅಷ್ಟು ದೂರ ಯಾರೂ ನಡೆಯುವುದಿಲ್ಲ, ಗಣಿಗೇ ಇಳಿಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

2058ರ ಹೊತ್ತಿಗೆ ಸರ್ಕಾರಿ ಶಾಲೆಯ ಪ್ರತಿ ಮಗುವಿನ ಹಣೆಯ ಮೇಲೂ ಗಮನಪಟ್ಟಿ ಬಂದಿತ್ತು. ಕಣ್ಣಿಗೆ ಕಾಣದ ಬೆಳಕನ್ನು ಚರ್ಮದೊಳಗೆ ಹಾಯಿಸಿ, ಮಿದುಳಿನ ಮುಂಭಾಗದಲ್ಲಿ ರಕ್ತ ಹರಿಯುವ ರೀತಿ ನೋಡಿ, ಮಗುವಿಗೆ ಪಾಠದ ಮೇಲೆ ಎಷ್ಟು ಗಮನವಿದೆಯೆಂದು ಹೇಳುವ ಉಪಕರಣ ಅದು. ಇಡೀ ತರಗತಿಯ ಸರಾಸರಿ ಗೋಡೆಯ ಪರದೆಯ ಮೇಲೆ ಮೂಡುತ್ತಿತ್ತು. ಅಂಕಿ ಬಿದ್ದರೆ ತಪ್ಪು ಟೀಚರದು. ಇದನ್ನು ಕೊಳ್ಳಲೆಂದೇ ಬೆಳಗಿನ ಹಾಲು ನಿಲ್ಲಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಡಾ. ಮೈಥಿಲಿ ಅಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಸೋಮವಾರ ಮಾತ್ರ ಅಂಕಿ ಬೀಳುವುದು ಯಂತ್ರದ ದೋಷವೆಂದು ತಿಳಿದು ಹುಡುಕಲು ಬಂದವಳು. ನೀಲಗಂಗಾ ಭಿನ್ನರಾಶಿ ಕಲಿಸಲು ಹಲಗೆಯ ಮೇಲೆ ರೊಟ್ಟಿಯೊಂದನ್ನು ಬರೆದು ನಾಲ್ಕು ಭಾಗ ಮಾಡಿದಳು. ಅಂಕಿ ಐವತ್ತೆಂಟಕ್ಕೆ ಜಿಗಿದು, ಮತ್ತೆ ಕೆಳಗಿಳಿಯಿತು. ಮೈಥಿಲಿ ತಲೆಯೆತ್ತಿ ನೋಡಿದಳು.

"ಶನಿವಾರ ಇಲ್ಲಿ ಬಿಸಿಯೂಟ ಉಂಡದ್ದ ಕಡೀದು, ಮೇಡಮ್," ಎಂದಳು ನೀಲಗಂಗಾ. "ಮನ್ಯಾಗ ಗಂಜಿ ಸಿಕ್ರ ಸಿಕ್ತು."

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮೈಥಿಲಿ ಅವಸರದಲ್ಲಿ ಲ್ಯಾಪ್‌ಟಾಪ್ ತೆರೆದಳು. ಹಸಿವಿನಿಂದ ಅಂಕಿ ಕುಗ್ಗುವ ಪ್ರಮಾಣವನ್ನು ಯಂತ್ರವೇ ಸರಿದೂಗಿಸುವಂತೆ ಒಂದು ತಿದ್ದುಪಡಿ ಬರೆದಳು. ನಲವತ್ತೊಂದು ಅರವತ್ತಮೂರಾಗುತ್ತದೆ, ಶಾಲೆ ಉಳಿಯುತ್ತದೆ, ಒಪ್ಪಿಗೆಗೆ ಟೀಚರ ಹೆಬ್ಬೆರಳು ಸಾಕು ಎಂದಳು.

ನೀಲಗಂಗಾ ಬೆರಳು ಚಾಚಿ ಹಿಂದೆಗೆದಳು. "ಇವ್ರ ಹಸಿವು ಮ್ಯಾಲಿನವ್ರಿಗೆ ಕಾಣೂದು ಈ ಕೆಂಪು ಅಂಕಿಯೊಳಗ ಅಷ್ಟ ಮೇಡಮ್. ಅದನ್ನೂ ಒರಸಬೇಕೇನ್ರಿ?"

ಮೈಥಿಲಿ ಗಡಿಯಾರದತ್ತ ನೋಡಿದಳು. ಒಂದು ನಿಮಿಷ ಉಳಿದಿತ್ತು. ಎರಡನೆಯ ಸಾಲಿನಲ್ಲಿ ಬೆಂಚಿಗೆ ತಲೆಯಿಟ್ಟಿದ್ದ ಹುಡುಗಿಯನ್ನು ನೋಡಿ ನೀಲಗಂಗಾ ಬೆರಳೊತ್ತಿದಳು. ಪರದೆ ಹಸಿರಾಯಿತು. ಅವಳಿಗೆ ಗೆದ್ದಂತೆ ಅನಿಸಲಿಲ್ಲ, ನಾಚಿಕೆಯಾಯಿತು.

ವರ್ಷದೊಳಗೆ ಆ ತಿದ್ದುಪಡಿ ಎಲ್ಲ ಶಾಲೆಗಳಿಗೂ ಹೋಯಿತು. ಹಾಲನ್ನು ಮತ್ತೆ ಕೊಡಿ ಎಂದು ಮೈಥಿಲಿ ಇಲಾಖೆಗೆ ಪತ್ರ ಬರೆದಳು. ಯಾವ ಶಾಲೆಯಲ್ಲೂ ಹಸಿವಿನ ಪರಿಣಾಮ ಕಂಡುಬಂದಿಲ್ಲ ಎಂದು ಉತ್ತರ ಬಂತು. ಆಧಾರವಾಗಿ ಅವಳದೇ ಯಂತ್ರದ ವರದಿಯನ್ನು ಲಗತ್ತಿಸಿದ್ದರು.

ಮತ್ತೊಂದು ಸೋಮವಾರ ಅವಳು ಗಣಿಯ ಶಾಲೆಗೆ ಬಂದಳು. ಪರದೆ ಹಸಿರಾಗಿತ್ತು. ಕರಿಹಲಗೆಯ ಮೂಲೆಯಲ್ಲಿ, ಎಲ್ಲ ಶಾಲೆಗಳಂತೆ, ಒಟ್ಟು 34, ಹಾಜರು 31. ಆ ಎರಡು ಸಾಲುಗಳ ಕೆಳಗೆ ಮೂರನೆಯದೊಂದು: ಹಸಿದು ಬಂದವರು 19.

ಇದನ್ನು ಯಾವುದರಿಂದ ಅಳೆದಿರಿ ಎಂದು ಮೈಥಿಲಿ ಕೇಳಿದಳು.

"ಮುಂಜಾನೆ ಉಣ್ಣದವ್ರು ಕೈ ಎತ್ರಿ ಅಂದೆ. ಎತ್ತಿದ್ರು."

ಅದನ್ನು ಕೇಳಲು ಗಮನಪಟ್ಟಿ ಬೇಕಿರಲಿಲ್ಲ, 2058ರವರೆಗೆ ಕಾಯಬೇಕಾಗಿಯೂ ಇರಲಿಲ್ಲ. ಬರುವ ಸೋಮವಾರವೇ, ಯಾವ ಶಾಲೆಯಲ್ಲಾದರೂ ಕೇಳಬಹುದು.