ಹನ್ನೊಂದು ಫಾರ್ಮಿನ ಶನಿವಾರಗಳು

ಎರಡನೇ ರೊಟ್ಟಿ ತಟ್ಟುತ್ತಿರುವಾಗ ಫೋನು ಬಂತು. ದಾನೇಶ್ವರಿ ಹಿಟ್ಟಿನ ಕೈ ಎತ್ತಿ, ಕಿರುಬೆರಳಿನಿಂದ ಸ್ಪೀಕರ್ ಒತ್ತಿದಳು.

"ಸಿಸ್ಟರ್, ವಾರ್ಡ್ ಆಫೀಸಿನಿಂದ ಶ್ರೀಶೈಲ ಮಾತಾಡಾಕತ್ತೀನ್ರಿ. ನಿಮ್ಮ ಆರನೇ ಫಾರ್ಮಿನ ಷರಾ ಓದಿದೆ."

ಆಂಟಾಪ್ ಹಿಲ್‌ನ ಹೆಲ್ತ್ ಪೋಸ್ಟಿನಲ್ಲಿ ಅವಳು ನರ್ಸು. ಬಾಣಂತಿಯರ ಮನೆಗೆ ಹೋಗಿ ಕೂಸುಗಳನ್ನು ನೋಡಿ ಬರುವುದು ಕೆಲಸ. ನೋಡಿದ್ದನ್ನೇ ಹನ್ನೊಂದು ಫಾರ್ಮಿನಲ್ಲಿ ಹನ್ನೊಂದು ಸಲ ಬರೆಯುವುದು ಅದಕ್ಕಿಂತ ದೊಡ್ಡ ಕೆಲಸ. ಅವನ್ನು ಯಾರೂ ಓದುವುದಿಲ್ಲ, ಓದಿದರೂ ಆ ಮರಾಠಿ ಆಫೀಸಿನಲ್ಲಿ ಕನ್ನಡ ಯಾರಿಗೆ ಬರುತ್ತದೆ ಎಂದುಕೊಂಡು, ಕಡೆಯ ಷರಾ ಕಾಲಮ್ಮಿನಲ್ಲಿ ಮನಸ್ಸಿಗೆ ಬಂದದ್ದು ಬರೆದುಬಿಡುತ್ತಿದ್ದಳು.

"'ಇವತ್ತ ಚಪ್ಪಲಿ ಹರೀತು, ಈ ಫಾರ್ಮ್ ಮಾಡಿದಾವನ ಚಪ್ಪಲಿನೂ ಹರೀಲಿ' ಅಂತ ಬರದೀರಿ," ಎಂದಿತು ಫೋನು, ಬಲು ಸಾವಧಾನವಾಗಿ. "ಫಾರ್ಮ್ ಮಾಡಿದಾವ ನಾನಲ್ರಿ. ಆದ್ರೂ ನಿನ್ನೆ ಭಾಂಡುಪ್ ಸ್ಟೇಷನ್ದಾಗ ನನ್ನ ಚಪ್ಪಲಿ ಹರೀತು."

ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು.

ಫಾರ್ಮುಗಳನ್ನು ಪ್ರತಿ ಶನಿವಾರ ಸ್ವತಃ ತಂದು ಕೊಡಬೇಕೆಂಬುದು ನಿಯಮ. ಇಷ್ಟು ದಿನ ಕಿಟಕಿಯಲ್ಲಿ ಕೊಟ್ಟು ಓಡುತ್ತಿದ್ದವಳು ಆ ಶನಿವಾರ ತಪ್ಪು ಒಪ್ಪಿಕೊಳ್ಳಲು ಒಳಗೆ ಹೋದಳು. ಶ್ರೀಶೈಲ ವಿಲೆ ಪಾರ್ಲೆಯ ಕಡೆಯಿಂದ ವರ್ಗವಾಗಿ ಬಂದು ಹದಿನೈದು ದಿನವಾಗಿತ್ತು. ಬೆಳಗಾವಿಯವನು, ನಲವತ್ತರ ಹತ್ತಿರ, ಕಿಸೆಯಲ್ಲಿ ಕೆಂಪು ಪೆನ್ಸಿಲ್ಲು. ಅವಳನ್ನು ಕಂಡವನೇ ಎದ್ದು ನಿಂತ. ಆಫೀಸಿನಲ್ಲಿ ನರ್ಸಿಗಾಗಿ ಎದ್ದು ನಿಂತವರನ್ನು ಅವಳು ಅದೇ ಮೊದಲು ನೋಡಿದ್ದು.

"ಕೂಡ್ರಿ. ನಿಮ್ಮ ಬೈಗುಳ ಇನ್ನೂ ಬಾಕಿ ಅದಾವ ಏನ್ರಿ?"

"ಎದುರಿಗೆ ಬೈಯಾಕ ಬರೂದಿಲ್ರಿ ನನಗ," ಎಂದಳು. ಮೂವತ್ತಾರು ವರ್ಷದ ದಾನೇಶ್ವರಿ, ತಮ್ಮತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತನ್ನದನ್ನು ಮರೆತವಳು, ನಾಚಿ ಸೆರಗಿನ ಅಂಚು ನೋಡಿದಳು.

ಅವನು ಹನ್ನೊಂದು ಫಾರ್ಮನ್ನೂ ಮೇಜಿನ ಮೇಲೆ ಹರಡಿದ. ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕುತ್ತ ಹೋದ. ಒಂದೇ ಕೂಸಿನ ತೂಕ ಐದು ಕಡೆ. ಒಂದೇ ತಾಯಿಯ ಹೆಸರು ಒಂಬತ್ತು ಕಡೆ.

"ಇವು ಎಲ್ಲಿಗೆ ಹೋಗ್ತಾವ ಅಂತ ಬೆನ್ನು ಹತ್ತಿ ನೋಡಿದೆ. ಏಳು ಫಾರ್ಮು ಕಪಾಟಿಗೆ ಹೋಗಿ ಕುಂದರ್ತಾವ. ಆರು ವರ್ಷದಿಂದ ಗಂಟು ಸೈತ ಬಿಚ್ಚಿಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ತನ್ನ ಅಕ್ಷರದ ಹಿಂದೆ ಒಬ್ಬ ಮನುಷ್ಯ ಕಪಾಟಿನ ಧೂಳಿನವರೆಗೂ ನಡೆದು ಹೋಗಿದ್ದನಲ್ಲ.

"ನಾಲ್ಕು ಸಾಕು, ಅವೂ ಫೋನಿನ್ಯಾಗ ಕಳಿಸಿದ್ರ ಸಾಕು ಅಂತ ಮ್ಯಾಲಿನ ಆಫೀಸಿಗೆ ಪತ್ರ ಬರೀತೀನಿ," ಎಂದ. "ಅವರೇ ಕೇಳ್ಯಾರ, ಯಾವುದು ಬ್ಯಾಡ ಹೇಳ್ರಿ ಅಂತ."

ಆಮೇಲಿನ ಶನಿವಾರಗಳೇ ಬೇರೆ. ಕಾಗದದ ಕೆಲಸ ಹತ್ತು ನಿಮಿಷ, ಚಹಾ ಮುಕ್ಕಾಲು ತಾಸು. ಯಾವ ವಠಾರದ ಯಾವ ಕೂಸು ಯಾವಾಗ ನಕ್ಕಿತು ಎಂದು ಅವಳು ಹೇಳಿದರೆ, ಅವನು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದ. ಅವಳು ತಲೆ ತಗ್ಗಿಸಿ ಸಹಿ ಮಾಡುವಾಗ ಅವನ ನೋಟ ಅವಳ ಬೈತಲೆಯ ಮೇಲಿರುತ್ತಿತ್ತು. ಅದು ಅವಳಿಗೆ ತಿಳಿಯುತ್ತಿತ್ತು. ತಿಳಿದೇ ಸಹಿಯನ್ನು ಸಾವಕಾಶ ಮಾಡುತ್ತಿದ್ದಳು.

ಪತ್ರದ ಉತ್ತರ ಮಾತ್ರ ಬರಲಿಲ್ಲ. ಜೂನ್ ಹೋಯಿತು, ಜುಲೈ ಹೋಯಿತು.

ಆಗಸ್ಟ್ ಕೊನೆಯ ಶುಕ್ರವಾರ ಫಾರ್ಮು ತುಂಬುವುದರಲ್ಲೇ ಸಂಜೆಯಾಗಿ, ನಾಗವ್ವ ಎಂಬ ಬಾಣಂತಿಯ ಮನೆಗೆ ಹೋಗುವುದು ತಪ್ಪಿತು. ಮರುದಿನ ಬೆಳಿಗ್ಗೆ ಹೋದರೆ ಬಾಗಿಲಿಗೆ ಬೀಗ; ಪಕ್ಕದ ಮನೆಯವರು ಸಂಗತಿ ಹೇಳಿದರು. ಎಂಟು ದಿನದ ಕೂಸು ಅರಿಶಿನದಂತೆ ಹಳದಿಯಾಗಿತ್ತಂತೆ. ನಾಗವ್ವನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಳಂತೆ. ದಾನೇಶ್ವರಿ ಅಲ್ಲಿಗೇ ಹೋಗಿ, ಕಾಮಾಲೆಗೆ ಹಿಡಿಯುವ ನೀಲಿ ಬೆಳಕಿನ ಕೆಳಗೆ ಮಲಗಿದ ಕೂಸು ಹುಷಾರಾಗುತ್ತದೆಂದು ಡಾಕ್ಟರ ಬಾಯಿಂದ ಕೇಳಿ, ನೇರ ವಾರ್ಡ್ ಆಫೀಸಿಗೆ ಬಂದಳು.

ನಡೆದದ್ದನ್ನು ನಿಂತುಕೊಂಡೇ ಹೇಳಿ, "ಪತ್ರಕ್ಕ ಮ್ಯಾಲಿನವರು ಏನಂದ್ರು?" ಎಂದು ಕೇಳಿದಳು.

ಶ್ರೀಶೈಲ ಡ್ರಾಯರ್ ಎಳೆದ. ಪತ್ರ ಅಲ್ಲೇ ಇತ್ತು. ಸಹಿಯಾಗಿತ್ತು, ಜೂನ್ ಹನ್ನೊಂದರ ತಾರೀಖಿತ್ತು.

"ಕಳಿಸಿಲ್ಲ?"

"ಇಲ್ಲ."

"ಯಾಕ?"

"ಕಳಿಸಿದ್ರ ನೀವು ಶನಿವಾರ ಬರೂದು ನಿಲ್ತದ." ಅವನು ತಲೆ ಎತ್ತಲಿಲ್ಲ. "ಈ ವಾರ ಒಂದು, ಮುಂದಿನ ವಾರ ಒಂದು ಅಂತ ತಡದೆ. ನಿಮ್ಮನ್ನ ನೋಡೂ ಆಸೆಗೆ ಆ ಕೂಸನ್ನ ಮರತೆ, ಸಿಸ್ಟರ್."

ಅವಳಿಗೆ ಅಳು, ಸಿಟ್ಟು, ಇನ್ನೊಂದು, ಎಲ್ಲ ಒಟ್ಟಿಗೆ ಬಂತು.

"ಮೊದಲು ಈ ಸಿಸ್ಟರ್ ಅನ್ನೂದು ಬಿಡ್ರಿ," ಎಂದಳು. "ಆಸೆ ಹೇಳೂ ಬಾಯಿಲೆ ಯಾರರೆ ಸಿಸ್ಟರ್ ಅಂತಾರೇನು?"

ಅವನು ನೋಡಿದ. ಅವಳ ಕಣ್ಣು ತುಂಬಿತ್ತು, ತುಟಿಯ ಕೊನೆ ಮಾತ್ರ ಒಂದಿಷ್ಟು ಸಡಿಲಾಗಿತ್ತು.

"ಹೊಸಾ ಹಾಳಿ ಮ್ಯಾಲ ಇವತ್ತಿನ ತಾರೀಖು ಹಾಕಿ ಕೊಡ್ರಿ," ಎಂದಳು. " ಯಾರಿಗೂ ತಿಳಿಯೂದಿಲ್ಲ."

"ನಾಗವ್ವಗ ತಿಳಿಸಬೇಕಲ್ರಿ." ಅವನು ಹಳೆಯ ತಾರೀಖನ್ನು ಹಾಗೇ ಬಿಟ್ಟು ಕೆಳಗೆ ಬರೆದ: ಈ ಪತ್ರ ತಡವಾಗಲು ನಾನೇ ಕಾರಣ. ದಾನೇಶ್ವರಿ ಆ ಸಾಲು ಎರಡು ಸಲ ಓದಿದಳು. ಇಂಥವನ ಮೇಲೆ ಎಷ್ಟು ಹೊತ್ತು ಮುನಿದಿರಲಾದೀತು?

"ಇದಕ್ಕ ನೋಟೀಸು ಕೊಟ್ರ?"

"ಕೊಡ್ಲಿ. ತಗೋತೀನಿ."

"ನಾಳಿ ಭಾನುವಾರ," ಎಂದಳು ಅವಳು, ಲಕೋಟೆಗೆ ಅಂಟು ಹಚ್ಚುತ್ತ. "ಅವ್ವ ಮನ್ಯಾಗ ಇರ್ತಾಳ. ಮುಂಜಾನೆ ಇಬ್ಬರೂ ಆಸ್ಪತ್ರೆಗೆ ಹೋಗಿ ನಾಗವ್ವನ್ನ ಕಂಡು, ಹಂಗ ಮನಿಗೆ ಊಟಕ್ಕ ಬರ್ರಿ. ನಮ್ಮ ಮನಿಗೆ ಬರಾಕ ಯಾವ ನಿಯಮಾನೂ ಇಲ್ಲ."

ಟಪಾಲು ಕಿಟಕಿಯ ಕಸ್ತೂರಿಬಾಯಿ ಲಕೋಟೆಯನ್ನು ತಿರುಗಿಸಿ ನೋಡಿ, ಇಬ್ಬರ ಮುಖವನ್ನೂ ನೋಡಿ, ಮರಾಠಿಯಲ್ಲಿ "ಒಂದು ಪತ್ರ ಕೊಡಲು ಇಬ್ಬರು ಬಂದಿದ್ದೀರಾ?" ಎಂದರು. ಅವರು ಠಸ್ಸೆ ಒತ್ತಿ, ನಂಬರು ಬರೆದು, ಮೇಲಿನ ಆಫೀಸಿನ ಚೀಲಕ್ಕೆ ಹಾಕಿದರು. ಹನ್ನೆರಡೂವರೆಯ ಗಾಡಿ ಚೀಲವನ್ನು ಹೊತ್ತುಕೊಂಡು ಗೇಟು ದಾಟಿತು.